ಸುಗ್ಗಿಯ ಕಾಣಿಕೆಯೂ ಕೊಳಗದ ಅಳತೆಯೂ

ಹಳ್ಳಿಯ ಸಭೆಯೊಂದಕ್ಕೆ ಸುಗ್ಗಿಯ ಕಾಣಿಕೆಯ ಆರಾಧನೆಗಾಗಿ ಹೊರಗಿನಿಂದ ಹೋಗುವ ಬೋಧಕರು ಸಾಮಾನ್ಯವಾಗಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಆರಿಸಿಕೊಳ್ಳುತ್ತಾರೆ. ಪ್ರಥಮಫಲದ ಪುಟ್ಟಿ, ಯಾಜಕನ ಮುಂದೆ ಮಾಡುವ ಅರಿಕೆ, ಅಲೆಮಾರಿಯಾಗಿದ್ದ ಮೂಲಪಿತೃವಿನ ಸ್ಮರಣೆ ಎಲ್ಲವೂ ಅಲ್ಲಿವೆ. ಆದರೆ ಶಿಕಾರಿಪುರ, ಸೊರಬ ಸೀಮೆಗೆ ಹೋಗುವವರು ಸ್ವಲ್ಪ ಹಿಂದೆ ಸರಿದು, 25ನೆಯ ಅಧ್ಯಾಯದ 13ರಿಂದ 16ರವರೆಗಿನ ವಚನಗಳಿಂದಲೇ ಓದನ್ನು ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿರುವುದು ತೂಕದ ಕಲ್ಲುಗಳ ಮತ್ತು ಅಳತೆಯ ಪಾತ್ರೆಗಳ ಮಾತು.

ಇಂಗ್ಲಿಷ್ ಸಭೆಗಳ ಮಾದರಿಯ ಸುಗ್ಗಿಯ ಆರಾಧನೆ ಬಹು ಪುರಾತನವೇನಲ್ಲ. 1843ರಲ್ಲಿ ಕಾರ್ನ್‌ವಾಲ್ ಪ್ರಾಂತದ ಮಾರ್ವೆನ್‌ಸ್ಟೋ ಗ್ರಾಮದ ಸಭಾಪಾಲಕ ರಾಬರ್ಟ್ ಸ್ಟೀಫನ್ ಹಾಕರ್ ಹೊಸ ಧಾನ್ಯದ ರೊಟ್ಟಿಯಿಂದ ಕರ್ತನ ಭೋಜನವನ್ನು ಆಚರಿಸಲು ತನ್ನ ಜನರನ್ನು ಕರೆದನು. ಇಂದಿನ ರೂಢಿಗೆ ಅದನ್ನೇ ಮೊದಲೆಂದು ಎಣಿಸುವುದುಂಟು. ಆ ದೇಶದ ಪಂಚಾಂಗ ನಮ್ಮ ಗದ್ದೆಗೆ ಹೊಂದದು. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ತೆನೆಹಬ್ಬವೂ ಘಟ್ಟದ ಮೇಲೆ ಬೇಗನೆ ಬಂದಂತಾಗುತ್ತದೆ. ಸೊರಬದ ಕಡೆ ಭತ್ತ ಹೊಡೆಗಟ್ಟುವುದು ಆಶ್ವಯುಜದ ಹೊತ್ತಿಗೆ. ಆ ಮಾಸದ ಭೂಮಿಹುಣ್ಣಿಮೆಯಂದು ರೈತರು ಬಸುರಿಗೆ ಬಯಕೆ ಬಡಿಸುವಂತೆ ಗದ್ದೆಗೆ ಚರಗ ಚೆಲ್ಲುತ್ತಾರೆ. ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಆ ಎಡೆ ಹೊಲಕ್ಕೆ ಹೋಗುತ್ತದೆ. ನಮ್ಮ ಪುಟ್ಟಿಯಾದರೋ ಕೊಯ್ಲು ಮುಗಿದ ಮೇಲೆ ಹೊಲದಿಂದ ವೇದಿಗೆ ಬರುತ್ತದೆ. ಈ ಎರಡು ದಿಕ್ಕುಗಳ ವ್ಯತ್ಯಾಸವೇ ಒಂದು ಪ್ರಸಂಗಕ್ಕೆ ಸಾಕು.

ಕಾಣಿಕೆಯ ಧಾನ್ಯ ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನು ಈ ನೆಲ ನಮಗಿಂತ ಬಹಳ ಮೊದಲೇ ಎತ್ತಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು, ದೀನರಿಗೂ ಕುಂಟರಿಗೂ ಕುರುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ಅನಾಥ ರೋಗಿಗಳಿಗೆ ಚಿಕಿತ್ಸೆಯಿತ್ತೆಂದೂ ಸಾರುತ್ತದೆ. ಅದನ್ನು ಪ್ರಕಟಿಸಿದವರು ಬಿ. ಎಲ್. ರೈಸ್, ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಸೇವೆಯಲ್ಲಿದ್ದ ಬೆಂಜಮಿನ್ ರೈಸರ ಮಗ. 1902 ಮತ್ತು 1904ರ ಎರಡು ಸಂಪುಟಗಳಲ್ಲಿ ಅವರು ಶಿಕಾರಿಪುರ, ಸೊರಬಗಳ ಶಾಸನಗಳನ್ನು ಸಂಗ್ರಹಿಸಿಕೊಟ್ಟರು. ತಂದೆಯ ಬೈಬಲ್ ಸೇವೆಯನ್ನು ಸ್ಮರಿಸುವ ನಾವು ಮಗನ ಸಂಪುಟಗಳನ್ನು ಅಷ್ಟಾಗಿ ತೆರೆಯುವುದಿಲ್ಲ.

ಆದರೂ ಧಾನ್ಯವನ್ನು ಅಳೆದುಕೊಂಡವರ ಕಥೆ ಬೇರೆ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ಸರಿಯಾದ ಪ್ರಮಾಣಕ್ಕಿಂತ ದೊಡ್ಡದೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ದೊಡ್ಡ ಅಳತೆ, ಚಿಕ್ಕ ಅಳತೆಗಳೆರಡನ್ನೂ ಮನೆಯಲ್ಲಿಟ್ಟುಕೊಳ್ಳಬಾರದೆಂಬ ಮೋಶೆಯ ವಿಧಿಗೆ ಇದಕ್ಕಿಂತ ಹತ್ತಿರದ ವ್ಯಾಖ್ಯಾನವನ್ನು ನಾವು ಕಾಣೆವು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿಯೂ ಹಕ್ಕಲನ್ನು ಬಡವರಿಗೆ ಬಿಡಬೇಕೆಂಬ ಆಜ್ಞೆ, ನ್ಯಾಯವಾದ ಅಳತೆಯ ಆಜ್ಞೆ ಎರಡೂ ಇವೆ. ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಕೂಲಿಯಾಳುಗಳ ಪಾಲಿಗೆ ಅದರಿಂದ ನೆಲ ಬರಲಿಲ್ಲ.

ಆರಾಧನೆಯ ನಂತರ ಕುಂಬಳಕಾಯಿ, ಬಾಳೆಗೊನೆ, ಭತ್ತದ ಮೂಟೆಗಳನ್ನು ಹರಾಜು ಹಾಕುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿಯೇ ಪರೀಕ್ಷಿಸಬೇಕು. ಸಭೆಯ ಖರ್ಚಿಗೆ ಅದು ನೆರವಾಗುವುದು ನಿಜ. ಆದರೆ ಹೆಚ್ಚು ಕೂಗಿದವನ ಹೆಸರು ಗಟ್ಟಿಯಾಗಿ ಕೇಳಿಸುವಾಗ, ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ಬರಿಗೈಯಲ್ಲಿ ಬಂದು ಕುಳಿತವಳಿಗೆ ಅಲ್ಲಿ ಯಾವ ಸ್ಥಾನ? 26ನೆಯ ಅಧ್ಯಾಯದ 11ನೆಯ ವಚನವು ಪುಟ್ಟಿ ತಂದವನ ಜೊತೆಗೆ ಲೇವಿಯನನ್ನೂ ಪರದೇಶಿಯನ್ನೂ ಅದೇ ಸಂತೋಷಕ್ಕೆ ಕರೆಯುತ್ತದೆ. ಅವರು ಏನನ್ನು ತಂದರೆಂದು ಅದು ಕೇಳುವುದಿಲ್ಲ.