‘ಫ್ರೀ’ ಎಂಬ ವಿಶೇಷಣ: ಮಾರತ್ತಹಳ್ಳಿಯ ಬಳಕೆ ಮತ್ತು ಅರ್ಥಚರಿತ್ರೆ

ಹಳೆಯ ವಿಮಾನನಿಲ್ದಾಣ ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಮಾರತ್ತಹಳ್ಳಿಯಲ್ಲಿ ‘ಫ್ರೀ’ ಎಂಬ ಇಂಗ್ಲಿಷ್ ವಿಶೇಷಣವನ್ನು ನಾಲ್ಕು ಅರ್ಥಗಳಲ್ಲಿ ಕೇಳುತ್ತೇವೆ. ಬಟ್ಟೆಯಂಗಡಿಯ ‘ಎರಡು ಕೊಂಡರೆ ಒಂದು ಫ್ರೀ’ ಎಂಬಲ್ಲಿ ಅದು ಬೆಲೆಯಿಲ್ಲದ್ದು. ‘ಸಂಜೆ ಫ್ರೀ ಇದ್ದೀರಾ?’ ಎಂಬಲ್ಲಿ ಬಿಡುವು. ‘ಫ್ರೀಯಾಗಿ ಮಾತಾಡಿ’ ಎಂಬಲ್ಲಿ ನಿಸ್ಸಂಕೋಚ. ‘ಸಿಗ್ನಲ್ ಫ್ರೀ’ ರಸ್ತೆಯಲ್ಲಿ ರಹಿತ. ನಾಲ್ಕಕ್ಕೂ ಕನ್ನಡದಲ್ಲಿ ಪದಗಳಿರುವಾಗ ಈ ಎರವಲು ನೆಲೆಯೂರಿದ್ದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ರಚನೆಯನ್ನು ಗಮನಿಸೋಣ. ‘ಸೋಪು ಫ್ರೀ’, ‘ಶುಗರ್ ಫ್ರೀ’ ಎಂಬೆರಡರಲ್ಲಿ ಪದಕ್ರಮ ಒಂದೇ, ಅರ್ಥ ವಿರುದ್ಧ. ಮೊದಲನೆಯದು ಕ್ರಿಯಾಪದವಿಲ್ಲದ ವಾಕ್ಯ. ಎರಡನೆಯದು ಇಡಿಯಾಗಿ ಎರವಲು ಬಂದ ಸಮಾಸ. ‘ಊ’ ಸೇರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ: ‘ಸೋಪೂ ಫ್ರೀ’ ಎಂದರೆ ಮೊದಲಿನ ಅರ್ಥ ಉಳಿಯುತ್ತದೆ, ‘ಶುಗರೂ ಫ್ರೀ’ ಎಂದರೆ ಸಕ್ಕರೆಯನ್ನೂ ದುಡ್ಡಿಲ್ಲದೆ ಕೊಟ್ಟಂತೆ!

ಇನ್ನು ಚರಿತ್ರೆ. ಇಂಗ್ಲಿಷಿನ ಈ ಪದ ಸಂಸ್ಕೃತದ ‘ಪ್ರಿಯ’ಕ್ಕೆ ಜ್ಞಾತಿ. ಮನೆತನದ ಪ್ರೀತಿಪಾತ್ರರು, ಅಂದರೆ ಗುಲಾಮರಲ್ಲದವರು, ಎಂಬಲ್ಲಿಂದ ‘ಸ್ವತಂತ್ರ’ ಎಂಬ ಅರ್ಥ ಹುಟ್ಟಿತೆಂಬುದು ಸಾಮಾನ್ಯ ವಿವರಣೆ. ‘ಬೆಲೆಯಿಲ್ಲದ’ ಎಂಬುದು ಬಹುಕಾಲದ ಅನಂತರ ಬಂದದ್ದು. ನಮ್ಮ ‘ಬಿಟ್ಟಿ’ ಹೊರಟದ್ದು ಎದುರು ದಿಕ್ಕಿನಿಂದ. ಅದು ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಂಡ ದುಡಿಮೆ. ಒಂದು ಪದ ಗುಲಾಮನಲ್ಲದವನಿಂದಲೂ ಇನ್ನೊಂದು ಬಲವಂತದ ದುಡಿಮೆಯಿಂದಲೂ ಹೊರಟು ಒಂದೇ ಅರ್ಥಕ್ಕೆ ಬಂದು ತಲುಪಿವೆ. ಆದರೆ ‘ಬಿಟ್ಟಿ’ಯಲ್ಲಿ ಕಳಂಕ ಸ್ಥಾನ ಬದಲಿಸಿದೆ: ಹಿಂದೆ ಕೂಲಿ ಕೊಡದೆ ಪಡೆದವನ ಅನ್ಯಾಯವನ್ನು ಸೂಚಿಸುತ್ತಿದ್ದ ಪದ ಇಂದು ‘ಬಿಟ್ಟಿ ಕೂಳು’ ಎಂದು ಉಣ್ಣುವವನನ್ನೇ ಹಳಿಯುತ್ತದೆ.

‘ಉಚಿತ’ದ ದಾರಿ ಬೇರೆ. ಸಂಸ್ಕೃತದಲ್ಲಿ ಅದು ‘ತಕ್ಕುದು’. ಆ ಅರ್ಥ ಕನ್ನಡದ ‘ಅನುಚಿತ’, ‘ಔಚಿತ್ಯ’ಗಳಲ್ಲಿ ಉಳಿದಿದೆ. ಕನ್ನಡ, ತೆಲುಗುಗಳಲ್ಲಿ ‘ಬೆಲೆಯಿಲ್ಲದ’ ಎಂಬ ಅರ್ಥ ಬೆಳೆಯಿತು; ಹಿಂದಿಯಲ್ಲಿ ಬೆಳೆಯಲಿಲ್ಲ. ಹೀಗಾಗಿ ಹಲವು ಭಾಷಿಕರು ಬೆರೆಯುವ ಮಾರತ್ತಹಳ್ಳಿಯಂತಹ ಕಡೆ ಎಲ್ಲರಿಗೂ ಒಂದೇ ಅರ್ಥ ಕೊಡುವ ಪದ ‘ಫ್ರೀ’.

ಈ ಆಯ್ಕೆಯ ಭಾರ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಅನಂತರ ಎದ್ದು ಕಾಣುತ್ತದೆ. ಸರ್ಕಾರಿ ಬಸ್ಸಿನ ಒಂದೇ ಪ್ರಯಾಣ ಪ್ರಕಟಣೆಯಲ್ಲಿ ‘ಉಚಿತ’, ನಿಲ್ದಾಣದ ಮಾತಿನಲ್ಲಿ ‘ಫ್ರೀ’, ನಿಂದಕರ ಬಾಯಲ್ಲಿ ‘ಬಿಟ್ಟಿ’. ಮೊದಲನೆಯದು ಹಕ್ಕನ್ನು ಸೂಚಿಸಿದರೆ, ಎರಡನೆಯದು ದರವನ್ನಷ್ಟೇ ಹೇಳುತ್ತದೆ. ಮೂರನೆಯದು ಪ್ರಯಾಣಿಸುವ ಹೆಣ್ಣುಮಗಳನ್ನೇ ತೂಗಿನೋಡುತ್ತದೆ. ‘ಫ್ರೀ’ಯೂ ವಾಗ್ವಾದಗಳಲ್ಲಿ ಈ ಬಣ್ಣ ಪಡೆಯತೊಡಗಿದೆ. ಆದ್ದರಿಂದ ನಿಘಂಟುಕಾರರು ಇವುಗಳನ್ನು ಬರಿಯ ಪರ್ಯಾಯಪದಗಳೆಂದು ಸಾಲಾಗಿ ನಿಲ್ಲಿಸಿದರೆ ಸಾಲದು. ಯಾರು ಯಾರನ್ನು ಕುರಿತು ಆಡುವ ಪದವಿದು ಎಂಬುದನ್ನೂ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ.