ಮೈಸೂರು ಜಾವಾದ ಕೆಳಮೈ: ಶಾಕು, ಚಕ್ರ, ಬ್ರೇಕುಗಳ ಚರಿತ್ರೆ

ಜಾವಾ ಬಗ್ಗೆ ಬರೆಯುವವರು ಬಹುಪಾಲು ಟ್ಯಾಂಕಿನಿಂದ ಶುರು ಮಾಡುತ್ತಾರೆ. ಕ್ರೋಮಿನ ಹೊಳಪು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಗಾಡಿ ಊರು ಸೇರುವ ಮೊದಲೇ ಊರು ಸೇರುವ ಸದ್ದು. ಮಾದರಿ ಗುರುತಿಸುವುದೂ ಮೇಲಿನಿಂದಲೇ: ಹೆಡ್‌ಲೈಟು ಫೋರ್ಕಿನ ತಲೆಯೊಳಗೆ ಹುದುಗಿದ್ದರೆ ಹಳೆಯದು, ಬೇರೆಯಾಗಿ ನಿಂತಿದ್ದರೆ ರೋಡ್‌ಕಿಂಗು. ಒಮ್ಮೆ ಬಗ್ಗಿ, ಮಡ್‌ಗಾರ್ಡಿನ ಕೆಳಗಿನಿಂದ ಈ ಚರಿತ್ರೆ ಓದಿದರೆ ಬೇರೆಯದೇ ಕತೆ ಕಾಣುತ್ತದೆ. ಮೈಸೂರಿನ ಕಾರ್ಖಾನೆ ನಡೆದ ಮೂವತ್ತೈದು ವರ್ಷಗಳಲ್ಲಿ 250 ಸಿಸಿ ಗಾಡಿಯ ಎಂಜಿನ್ನು ಚುರುಕಾಯಿತು, ಚಕ್ರ ಎತ್ತರವಾಯಿತು, ಹೆಸರೇ ಬದಲಾಯಿತು. ಬ್ರೇಕಿನ ವಿಧಾನ ಮಾತ್ರ ಇದ್ದಲ್ಲೇ ಇತ್ತು. ಈ ಅಂತರ ಹೇಗೆ ಬೆಳೆಯಿತು, ಹಳ್ಳಿ ರಸ್ತೆಯ ಸವಾರ ಅದನ್ನು ಯಾವ ರೂಢಿಗಳಿಂದ ತುಂಬಿಕೊಂಡ ಎಂಬುದೇ ಇಲ್ಲಿನ ವಿಷಯ.

ಒಂದೇ ವಾಹನದ ರೂಪಾಂತರಗಳನ್ನು ಕೆಳಮೈಯಿಂದ ಬೇರ್ಪಡಿಸಿ ಓದುವ ಕ್ರಮ ಕ್ರೀಡಾ ಕಾರುಗಳ ಚರಿತ್ರೆಯಲ್ಲೂ ಇದೆ. ಇಂಗ್ಲೆಂಡಿನ ಎಂಜಿಎ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. 1955ರಲ್ಲಿ ಬಂದ ಸಾಧಾರಣ ಎಂಜಿಎಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. 1958ರ ಟ್ವಿನ್ ಕ್ಯಾಮ್‌ಗೆ ನಾಲ್ಕೂ ಕಡೆ ಡಿಸ್ಕು. ಮರುವರ್ಷದ 1600ಕ್ಕೆ ಮುಂದೆ ಮಾತ್ರ ಡಿಸ್ಕು. ದೂರದಿಂದ ನೋಡಿದರೆ ಮೂರೂ ಒಂದೇ ಕಾರು. ಅಲ್ಲಿ ಎಂಜಿನ್ನಿಗೆ ಬಲ ಬಂದ ಕೂಡಲೇ ಬ್ರೇಕೂ ಬೆನ್ನು ಹತ್ತಿತು. ನಮ್ಮ ಸೀಮೆಯಲ್ಲಿ ಕ್ರೀಡಾ ಕಾರು ಅರಮನೆಯವರಿಗೂ ತೋಟದ ಸಾಹುಕಾರರಿಗೂ ಸೇರಿದ ಮಾತಾಗಿತ್ತು. ವೇಗದ ಆಸೆಯನ್ನು ಸಾಮಾನ್ಯರ ಮನೆ ಬಾಗಿಲಿಗೆ ತಂದದ್ದು ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆ. ಹಾಗಾಗಿ ಬಲದ ಬೆನ್ನಿಗೆ ಬ್ರೇಕೂ ಬಂತೇ ಎಂಬ ಪ್ರಶ್ನೆಯನ್ನು ಇಲ್ಲಿ ಎರಡು ಚಕ್ರದ ಮೇಲೆಯೇ ಕೇಳಬೇಕು.

ಜಾವಾದ ಮೂಲ ಜೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡ. ಎರಡು ಹೆಸರುಗಳ ಮೊದಲಕ್ಷರಗಳು ಸೇರಿ ಜಾವಾ ಆಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂದ 250 ಸಿಸಿ ಗಾಡಿಯನ್ನು ಅಲ್ಲಿನ ಜನ 'ಪೇರಾಕ್' ಎಂದು ಕರೆದರು. ಜೆಕ್ ಭಾಷೆಯಲ್ಲಿ ಸ್ಪ್ರಿಂಗಿಗೆ ಹೇಳುವ ಮಾತಿನಿಂದ ಹುಟ್ಟಿದ ಹೆಸರದು. ಮಾದರಿಯೊಂದರ ಹೆಸರೇ ಅದರ ಸಸ್ಪೆನ್ಷನ್ನು! ಹಿಂದಿನ ಗಾಲಿಗೆ ಸ್ಪ್ರಿಂಗೇ ಇಲ್ಲದ ಗಾಡಿಗಳ ಕಾಲದಲ್ಲಿ ಅದೊಂದು ಸುದ್ದಿ. ಪೇರಾಕ್‌ನ ಹಿಂದಿನದು ಪ್ಲಂಜರ್ ಪದ್ಧತಿ. ಚೆಸ್ಸಿಯ ಹಿಂತುದಿಯ ಎರಡೂ ಬದಿಗೆ ನೆಟ್ಟಗೆ ನಿಂತ ಕೊಳವೆ, ಅದರೊಳಗೆ ಸ್ಪ್ರಿಂಗು, ಗಾಲಿಯ ಅಚ್ಚು ಆ ಕೊಳವೆಯಗುಂಟ ನೇರ ಮೇಲೆ ಕೆಳಗೆ ಹೋಗಬೇಕು. ಆಟ ಕಡಿಮೆ, ಅಚ್ಚು ಮೇಲೆ ಕೆಳಗೆ ಹೋದಂತೆ ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ.

1950ರ ದಶಕದ ನಡುವೆ ಬಂದ 353ನೇ ಮಾದರಿ ಈ ತೊಡಕನ್ನು ಬಿಡಿಸಿತು. ಇದಕ್ಕೂ ಜನ ಕೆಳಮೈಯ ಹೆಸರನ್ನೇ ಕೊಟ್ಟರು: 'ಕೀವಾಚ್ಕಾ', ತೂಗಾಡುವುದು ಎಂಬರ್ಥದಲ್ಲಿ. ಹಿಂದಿನ ಗಾಲಿ ಈಗ ಎರಡು ತೋಳಿನ ನಡುವೆ ಕೂತಿತು. ತೋಳಿನ ಮುಂದಿನ ತುದಿ ಚೆಸ್ಸಿಗೆ ಕೀಲು, ಹಿಂದಿನ ತುದಿ ಎರಡು ಶಾಕುಗಳ ಮೇಲೆ. ಕೀಲು ಎಂಜಿನ್ನಿನ ಹಲ್ಲುಗಾಲಿಗೆ ಹತ್ತಿರ ಇರುವುದರಿಂದ ಗಾಲಿ ಎಷ್ಟೇ ಕುಣಿದರೂ ಚೈನಿನ ಬಿಗಿ ಹೆಚ್ಚು ಬದಲಾಗದು. ಮುಂದೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕು. ಗಾಲಿ 16 ಇಂಚು. ಬ್ರೇಕು ಹಬ್ಬಿನ ಪೂರ್ತಿ ಅಗಲಕ್ಕೂ ಹರಡಿದ ಅಲ್ಯುಮಿನಿಯಂ ಡ್ರಮ್ಮು, ಸುಮಾರು 160 ಮಿ.ಮೀ. ವ್ಯಾಸ. ಎಂಜಿನ್ನು 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, 12 ಅಶ್ವಶಕ್ತಿಯ ಆಸುಪಾಸು. ಮೂರೂ ಒಂದಕ್ಕೊಂದು ಒಪ್ಪುವ ಜೋಡಣೆ ಎಂಬುದು ನನ್ನ ಅಭಿಪ್ರಾಯ. ಆ ಬಲಕ್ಕೆ ಆ ಬ್ರೇಕು ಸಾಕು, ಆ ಬ್ರೇಕಿಗೆ ಆ ಚಕ್ರ ತಕ್ಕದ್ದು.

ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ನೆಲೆಯೂರಿದ್ದು 1960ರಲ್ಲಿ. ಕಾರ್ಖಾನೆಗೆ ಚಾಲನೆ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಮೈಸೂರಿನ ಗಾಡಿಯ ಬುನಾದಿ ಇದೇ 353. 1970ರ ದಶಕದ ಆರಂಭದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಊರಿನ ನೆನಪು ಅದರಲ್ಲಿದೆ ಎನ್ನುವರು. ಜೆಕ್ ಭಾಷೆಯಲ್ಲಿ ಸವಾರಿ ಮಾಡು ಎಂಬ ಕ್ರಿಯಾಪದಕ್ಕೂ ಅದು ಹತ್ತಿರ. ಹೆಸರು ಬದಲಾದರೂ ಬಿ ಟೈಪ್ ಎಂಬ ಯೆಜ್ಡಿಯ ಕೆಳಮೈ ಬದಲಾಗಲಿಲ್ಲ: ಅದೇ 16 ಇಂಚಿನ ಗಾಲಿ, ಅದೇ ತೋಳು, ಅದೇ ಡ್ರಮ್ಮು.

ಈ ಗಾಡಿ ಓಡಿದ ಹಳ್ಳಿ ರಸ್ತೆ ನೋಡಲು ಈಗ ಭೇರ್ಯಕ್ಕೆ ಬರೋಣ. ಕೆ.ಆರ್. ನಗರದಿಂದ ಹೊಳೆನರಸೀಪುರದ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ಸುತ್ತ ಕಾವೇರಿ ನಾಲೆಯ ಭತ್ತದ ಬಯಲು. ಪಶ್ಚಿಮಕ್ಕೆ ಹೋದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕೆಮ್ಮಣ್ಣು, ದಕ್ಷಿಣಕ್ಕೆ ಎಚ್.ಡಿ. ಕೋಟೆಯ ಕಾಡಂಚು. ಮೈಸೂರಿನ ಗಾಡಿಗೆ ಇದು ತವರಿನ ಬಯಲು, ಪರೀಕ್ಷೆಯ ಬಯಲೂ ಹೌದು. ನಾಲೆ ಏರಿಯ ಮೇಲೆ ಎತ್ತಿನಗಾಡಿಯ ಜಾಡು, ಮಳೆಗಾಲದಲ್ಲಿ ಜಾಡಿನ ತುಂಬ ನೀರು, ಡಾಂಬರಿನ ಅಂಚು ಕಿತ್ತು ಎದ್ದ ಜಲ್ಲಿ. ಗಾಡಿಯ ಮೇಲೆ ಒಬ್ಬನೇ ಸವಾರ ಎಂಬುದು ಕಂಪನಿಯ ಚಿತ್ರಪಟದ ಮಾತು. ಇಲ್ಲಿ ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು. ಇಲ್ಲವೇ ಎರಡೂ ಬದಿಗೆ ಹಾಲಿನ ಕ್ಯಾನು. 40 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲಿನ ತೂಕವೇ 80 ಕಿಲೋ ದಾಟುತ್ತದೆ, ಕ್ಯಾನಿನದು ಬೇರೆ. ಆ ಭಾರ ಕೂರುವುದು ಹಿಂದಿನ ಅಚ್ಚಿನ ಆಚೀಚೆ. ಶಾಕು ಮುಕ್ಕಾಲು ಕುಗ್ಗಿಯೇ ಹೊರಡುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಚಕ್ರ ಹಗುರಾದಷ್ಟೂ ಮುಂದಿನ ಬ್ರೇಕು ಹಿಡಿಯುವ ಮೊದಲೇ ಜಾರುತ್ತದೆ. ಮುಂದಿನ ಬ್ರೇಕು ಮುಟ್ಟಬೇಡ ಎಂದು ಹಳಬರು ಹುಡುಗರಿಗೆ ಗದರುವುದು ಮೂಢನಂಬಿಕೆ ಎಂದು ನಗುವವರಿದ್ದಾರೆ. ಹೇರು ಹೇರಿದ ಗಾಡಿಯ ಮೇಲೆ, ಜಲ್ಲಿಯ ಮೇಲೆ, ಆ ಮಾತಿನಲ್ಲಿ ಹುರುಳಿದೆ.

ಭೇರ್ಯದ ಒಂದು ಶೆಡ್ಡಿನಲ್ಲಿ ಹಳೆಯ ಬಿ ಟೈಪೊಂದರ ಮುಂದಿನ ಹಬ್ಬು ಬಿಚ್ಚಿದ್ದನ್ನು ಕೂತು ನೋಡಿದ್ದೇನೆ. ಅಚ್ಚು ಎಳೆದು ಪ್ಲೇಟು ಕಳಚಿದೊಡನೆ ಬೂದಿ ಬಣ್ಣದ ಪುಡಿ ಕೆಳಗಿನ ಗೋಣಿಯ ಮೇಲೆ ಉದುರಿತು. ಅರ್ಧಚಂದ್ರದಂಥ ಎರಡು ಶೂ, ನಡುವೆ ಎರಡು ಸ್ಪ್ರಿಂಗು, ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಚಪ್ಪಟೆ ಕ್ಯಾಮು. ಹ್ಯಾಂಡಲಿನ ಹಿಡಿ ಒತ್ತಿದರೆ ತಂತಿ ಎಳೆಯುತ್ತದೆ, ಕ್ಯಾಮು ತಿರುಗಿ ಶೂಗಳನ್ನು ಅಗಲಿಸುತ್ತದೆ. ಎರಡು ಶೂಗಳ ಕೆಲಸ ಒಂದೇ ಅಲ್ಲ. ಡ್ರಮ್ಮು ತಿರುಗುವ ದಿಕ್ಕಿಗೆ ಎದುರಾದ ಶೂವನ್ನು ಡ್ರಮ್ಮೇ ತನ್ನೊಳಗೆ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಇನ್ನೊಂದನ್ನು ತನ್ನಿಂದ ದೂರ ತಳ್ಳುತ್ತದೆ. ದುಡಿಯುವುದು ಒಂದು, ಜೊತೆಗಿರುವುದು ಇನ್ನೊಂದು. ಲೈನರಿನ ಸವೆತದಲ್ಲೇ ಇದು ಕಾಣುತ್ತದೆ. ಸವೆದ ಶೂ ತುದಿಗೂ ಕ್ಯಾಮಿಗೂ ನಡುವೆ ಅಲ್ಲಿ ಒಂದು ತಗಡಿನ ಚೂರು ಮಡಿಸಿ ಕೂರಿಸಿದ್ದರು. ಇದಕ್ಕೆ ಮೆಕ್ಯಾನಿಕರು ಪ್ಯಾಕಿಂಗು ಎನ್ನುತ್ತಾರೆ. ಹೊಸ ಲೈನರು ತರಲು ಪೇಟೆಗೆ ಹೋಗುವ ತನಕ ನಡೆಯಲಿ ಎಂದು ಮಾಡಿದ್ದು, ಎಷ್ಟೋ ವರ್ಷ ನಡೆದಿರುತ್ತದೆ.

1978ರಲ್ಲಿ ರೋಡ್‌ಕಿಂಗು ಬಂತು. ಕ್ರೋಮಿನ ಟ್ಯಾಂಕು ಹೋಗಿ ಬಣ್ಣದ ಟ್ಯಾಂಕು, ಬೇರೆಯಾಗಿ ನಿಂತ ದೀಪ, 16 ಅಶ್ವಶಕ್ತಿ. 16 ಇಂಚಿನ ಬದಲು 18 ಇಂಚಿನ ಗಾಲಿ. ಕೆಳಮೈಯ ದೃಷ್ಟಿಯಿಂದ ಈ ಎರಡು ಇಂಚೇ ಮೈಸೂರಿನ ದೊಡ್ಡ ಬದಲಾವಣೆ. ಹದಿನೆಂಟು ಇಂಚಾದ ಮೇಲೆ ಗುಂಡಿ ಗೊತ್ತೇ ಆಗುವುದಿಲ್ಲ ಎಂಬ ಹೊಗಳಿಕೆ ಈ ಕಡೆ ಸಾಮಾನ್ಯ. ಲೆಕ್ಕ ಹಾಕಿದರೆ ಅಷ್ಟು ಸರಳವಿಲ್ಲ. ಟೈರು ಎರಡಕ್ಕೂ 3.25 ಇಂಚಿನದೆಂದು ಇಟ್ಟುಕೊಂಡರೆ, ಚಿಕ್ಕ ಚಕ್ರದ ತ್ರಿಜ್ಯ ಸುಮಾರು 286 ಮಿ.ಮೀ., ದೊಡ್ಡದರದು 311. ಇಪ್ಪತ್ತು ಸೆಂಟಿಮೀಟರ್ ಅಗಲದ ಗುಂಡಿಯೊಳಕ್ಕೆ ಮೊದಲನೆಯದು ಸುಮಾರು 18 ಮಿ.ಮೀ. ಇಳಿದರೆ ಎರಡನೆಯದು 16.5 ಮಿ.ಮೀ. ಇಳಿಯುತ್ತದೆ. ಲಾಭ ನೂರಕ್ಕೆ ಎಂಟು ಪಾಲು. ಇದೇ ಎಂಟು ಪಾಲು ಬ್ರೇಕಿನ ಕಡೆ ನಷ್ಟವಾಗುತ್ತದೆ. ಡ್ರಮ್ಮಿನ ಅಳತೆ ಹೆಚ್ಚಿಸದೆ ಚಕ್ರ ಮಾತ್ರ ದೊಡ್ಡದು ಮಾಡಿದರೆ, ಅದೇ ಹಿಡಿತ ನೆಲದ ಮೇಲೆ ಅಷ್ಟೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಗುಂಡಿಯಲ್ಲಿ ಗಳಿಸಿದ್ದನ್ನು ಗಾಡಿ ನಿಲ್ಲಿಸುವಲ್ಲಿ ಕೊಟ್ಟ ಹಾಗೆ.

ಅದರ ಮೇಲೆ ವೇಗ. ಬಿ ಟೈಪಿನವನು 60ರಲ್ಲಿ ಹೋಗುತ್ತಿದ್ದ ದಾರಿಯಲ್ಲಿ ರೋಡ್‌ಕಿಂಗಿನವನು 75ರಲ್ಲಿ ಹೋದರೆ, ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಾಲಿಗೂ ಮಿಗಿಲು. ರೋಡ್‌ಕಿಂಗಿನಲ್ಲೂ ತಂತಿ ಎಳೆಯುವ, ಒಂದೇ ಕ್ಯಾಮಿನ ಡ್ರಮ್ಮೇ ಉಳಿಯಿತು. ಡಿಲಕ್ಸ್, ಕ್ಲಾಸಿಕ್, ಸಿಎಲ್ 2, ಮೊನಾರ್ಕ್ ಎಂದು ಹೆಸರುಗಳು ಬಂದವು. ಡ್ರಮ್ಮಿನಾಚೆ ಯಾವುದೂ ಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಮಾದರಿಗಳ ಪಟ್ಟಿ ಹೇಳುವುದಿಲ್ಲ, ಘಾಟಿ ಹೇಳುತ್ತದೆ. ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನು ಆಕ್ಸಿಲರೇಟರು ಬಿಟ್ಟರೂ ಗಾಡಿಯನ್ನು ಅಷ್ಟಾಗಿ ತಡೆಯದು. ಅಷ್ಟೇ ಅಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿಯಲ್ಲಿ ಆಕ್ಸಿಲರೇಟರು ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಹಿಡಿದುಕೊಳ್ಳುವ ಭಯ. ಹಾಗಾಗಿ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವವನು ಪೂರ್ತಿ ಬ್ರೇಕನ್ನೇ ನಂಬಬೇಕು. ಡ್ರಮ್ಮು ಕಾಯುತ್ತಾ ಕಾಯುತ್ತಾ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಹಿಡಿ ಹ್ಯಾಂಡಲಿಗೆ ಹತ್ತಿರವಾಗುತ್ತಾ ಬರುತ್ತದೆ. ಅನುಭವಸ್ಥರು ನಡುನಡುವೆ ಒಮ್ಮೊಮ್ಮೆ ಆಕ್ಸಿಲರೇಟರು ತಿರುಚಿ ಎಂಜಿನ್ನಿಗೆ ಎಣ್ಣೆ ಕುಡಿಸುತ್ತಿದ್ದರು. ಇಳಿಜಾರಿನಲ್ಲಿ ರೇಸು ಕೊಡುವುದು ಪೋಕರಿತನ ಎಂದು ಹಿಂದೆ ಕೂತವರು ತಿಳಿದುಕೊಂಡರೆ ತಪ್ಪೇನಿಲ್ಲ. ಆಯಿಲ್ ಪಂಪು ಬೇರೆಯಾಗಿಟ್ಟ ಆಯಿಲ್ ಕಿಂಗ್ ಮಾದರಿ ಎಣ್ಣೆ ಬೆರೆಸುವ ಕೆಲಸ ತಪ್ಪಿಸಿತೇ ಹೊರತು ಬ್ರೇಕಿನ ಹೊರೆ ಇಳಿಸಲಿಲ್ಲ.

ಬ್ರೇಕು ಹೀಗೆ ಹಿಂದುಳಿಯಲು ಮೈಸೂರೊಂದೇ ಕಾರಣವಲ್ಲ. ಆಮದಿನ ಬಿಗಿ, ಸ್ಪರ್ಧೆಯ ಅಭಾವ, ಹಳ್ಳಿಯಲ್ಲೇ ರಿಪೇರಿ ಆಗಬೇಕೆಂಬ ಅಗತ್ಯ, ಎಲ್ಲವೂ ಡ್ರಮ್ಮಿನ ಪರವಾಗಿದ್ದವು. 1983ರಲ್ಲಿ ಬಂದ ರಾಜದೂತ್ 350 ಇದಕ್ಕೆ ಸಾಕ್ಷಿ. ಅದರ ಜಪಾನಿ ಮೂಲಕ್ಕೆ ಮುಂದೆ ಡಿಸ್ಕ್ ಬ್ರೇಕಿತ್ತು. ಭಾರತದಲ್ಲಿ ಅದನ್ನು ತೆಗೆದು ಡ್ರಮ್ಮು ಹಾಕಿದರು. ಆದರೆ ಎರಡು ಕ್ಯಾಮಿನ ಡ್ರಮ್ಮು: ಎರಡು ಶೂಗಳೂ ದುಡಿಯುವಂಥದು. ಅದೇ ಕಾಲದ ಎರಡು ಸಿಲಿಂಡರಿನ ಯೆಜ್ಡಿ 350 ಕೂಡ ಡ್ರಮ್ಮಿನಲ್ಲೇ ಉಳಿಯಿತು. ನೂರು ಸಿಸಿಯ ಜಪಾನಿ ಗಾಡಿಗಳು ಬಂದಾಗ ಗಿರಾಕಿ ಕೇಳಿದ್ದು ಮೈಲೇಜನ್ನು, ಬ್ರೇಕನ್ನಲ್ಲ. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು.

2018ರ ನವೆಂಬರಿನಲ್ಲಿ ಜಾವಾ ಹೆಸರು ಮರಳಿತು. ಈ ಬಾರಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಜಾವಾ, ಫಾರ್ಟಿ ಟೂ ಎಂಬ ಎರಡೂ ಮಾದರಿಗಳಿಗೆ ಮುಂದೆ 280 ಮಿ.ಮೀ. ಡಿಸ್ಕು, 18 ಇಂಚಿನ ಗಾಲಿ. ಹಿಂದೆ ಮಾತ್ರ ಮೊದಲಿಗೆ 153 ಮಿ.ಮೀ. ಡ್ರಮ್ಮು. 125 ಸಿಸಿ ಮೀರಿದ ಗಾಡಿಗಳಿಗೆ, ಬ್ರೇಕು ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಗುತ್ತಿದ್ದ ಕಾಲವದು. ಮುಂದಿನ ಗಾಲಿಗೆ ಮಾತ್ರ ದುಡಿಯುವ ಒಂದೇ ಚಾನೆಲ್ಲಿನ ಎಬಿಎಸ್ಸಿಗೆ ಹಿಂದಿನ ಡ್ರಮ್ಮು ಅಡ್ಡಿಯಲ್ಲ. ಸ್ವಲ್ಪ ತಡವಾಗಿ, ಹಿಂದೆಯೂ 240 ಮಿ.ಮೀ. ಡಿಸ್ಕು ಮತ್ತು ಎರಡು ಚಾನೆಲ್ಲಿನ ಎಬಿಎಸ್ ಇರುವ ರೂಪ ಬಂತು. ಹೊರಗಿನಿಂದ ಅದೇ ಗಾಡಿ, ಒಳಗೆ ಬ್ರೇಕಿನ ವ್ಯತ್ಯಾಸ: ಎಂಜಿಎ ಕಾರಿನ ಕತೆ ಅರವತ್ತು ವರ್ಷ ತಡವಾಗಿ ನಮ್ಮಲ್ಲಿ ನಡೆಯಿತು. 2019ರಲ್ಲಿ ಪೇರಾಕ್ ಹೆಸರೂ ಮರಳಿತು. ಹೊಸ ಪೇರಾಕ್‌ಗೆ ಹಿಂದೆ ಒಂಟಿ ಶಾಕು, ಏಳು ಹಂತದ ಹೊಂದಾಣಿಕೆ. ಹೆಸರಿನೊಳಗಿನ ಸ್ಪ್ರಿಂಗಿಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತು. 2022ರ ಜನವರಿಯಲ್ಲಿ ಬಂದ ಮೂರು ಯೆಜ್ಡಿಗಳನ್ನು ಬೇರೆ ಮಾಡುವುದೇ ಸಸ್ಪೆನ್ಷನ್ನು. ಮುಂದಿನ ಫೋರ್ಕಿನ ಆಟ ರೋಡ್‌ಸ್ಟರ್‌ಗೆ 135 ಮಿ.ಮೀ., ಸ್ಕ್ರ್ಯಾಂಬ್ಲರ್‌ಗೆ 150, ಅಡ್ವೆಂಚರ್‌ಗೆ 200. ಅಡ್ವೆಂಚರಿನ ಮುಂದಿನ ಗಾಲಿ 21 ಇಂಚು. ಈ ಸಲ ಚಕ್ರ ಬೆಳೆದಾಗ ಬ್ರೇಕೂ ಜೊತೆಗೆ ಬೆಳೆದು 320 ಮಿ.ಮೀ. ಡಿಸ್ಕಾಯಿತು.

ಡ್ರಮ್ಮಿನೊಳಗೆ ನೀರು ಹೊಕ್ಕರೆ ಶೂ ಕೆಲಹೊತ್ತು ಹಿಡಿಯುವುದಿಲ್ಲ. ಅದಕ್ಕೇ ನಾಲೆಯ ನೀರು ಹರಿದು ಬಂದ ತಗ್ಗು ದಾಟಿದ ಮೇಲೆ ಹಳಬರು ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಒಂದು ಫರ್ಲಾಂಗು ಹೋಗುತ್ತಿದ್ದರು, ಕಾವಿಗೆ ಶೂ ಒಣಗಲಿ ಎಂದು. ಡಿಸ್ಕಿಗೆ ಆ ಉಪಚಾರ ಬೇಕಿಲ್ಲ. ತಿರುಗುವ ತಟ್ಟೆ ನೀರನ್ನು ತಾನೇ ಎಸೆಯುತ್ತದೆ. ಕಳೆದ ಮುಂಗಾರಿನಲ್ಲಿ ಭೇರ್ಯದ ಹತ್ತಿರ ಅರವತ್ತು ದಾಟಿದವರೊಬ್ಬರು ಮಗನ ಹೊಸ ಜಾವಾದಲ್ಲಿ ಅಂಥ ತಗ್ಗು ದಾಟಿದ್ದನ್ನು ಕಂಡೆ. ಆಚೆ ದಡ ಹತ್ತಿದ ಮೇಲೂ ಹಿಂದಿನ ಕೆಂಪು ದೀಪ ಆರಲಿಲ್ಲ, ರಸ್ತೆ ತಿರುಗಿ ಗಾಡಿ ಮರೆಯಾಗುವ ತನಕ ಉರಿಯುತ್ತಲೇ ಇತ್ತು.