ಲಿಗ್ನಿನ್ ಗ್ರೀಸ್: ಭದ್ರಾವತಿಯ ಕಾಗದ ಕಾರ್ಖಾನೆಗೆ ಇದು ದಾರಿಯೇ?

ರಾಗಿಗುಡ್ಡದ ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ ಗ್ರೀಸ್ ಡಬ್ಬಿಯನ್ನು ತಲೆಕೆಳಗು ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಅದನ್ನೇ ಬೇರಿಂಗಿಗೆ ತುಂಬಿ ತಿರುಗಿಸಿದರೆ ಸಲೀಸಾಗಿ ಜಾರುತ್ತದೆ. ಮರದ ಲಿಗ್ನಿನ್ ಮತ್ತು ಹರಳೆಣ್ಣೆ ಸೇರಿಸಿ ಇಂಥದ್ದೇ ಗ್ರೀಸ್ ಮಾಡಬಹುದಂತೆ ಅಂತ ನಾನು ಹೇಳಿದಾಗ ಅಲ್ಲಿನ ಮೆಕ್ಯಾನಿಕ್ ಕೇಳಿದರು: "ಹಾಗಾದ್ರೆ ಎಂಪಿಎಂ ಮತ್ತೆ ಶುರು ಮಾಡ್ಬೋದಲ್ವಾ ಸಾರ್?" ಅವರ ತಂದೆ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. ತಮಾಷೆಗೆ ಕೇಳಿದ ಪ್ರಶ್ನೆ ಅಲ್ಲ ಅದು.

ಮೊದಲು ಗ್ರೀಸಿನ ಸ್ವಭಾವ ನೋಡೋಣ. ಜೋನಿಬೆಲ್ಲ ಎಷ್ಟೇ ಮಂದವಾಗಿರಲಿ, ಪಾತ್ರೆ ಬಗ್ಗಿಸಿದರೆ ಹರಿಯುತ್ತದೆ, ನಿಧಾನ, ಅಷ್ಟೇ. ಗ್ರೀಸ್ ಹಾಗಲ್ಲ. ಒತ್ತಡ ಒಂದು ಮಿತಿ ದಾಟುವವರೆಗೆ ಘನವಸ್ತುವಿನಂತೆ ಕೂತಿರುತ್ತದೆ, ದಾಟಿದ ಮೇಲೆ ಹರಿಯುತ್ತದೆ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಈ ಮಿತಿಗೆ ಯೀಲ್ಡ್ ಸ್ಟ್ರೆಸ್ ಎಂದು ಹೆಸರು. ವೇಗ ಹೆಚ್ಚಿದಷ್ಟೂ ತೆಳುವಾಗುತ್ತದೆ, ನಿಲ್ಲಿಸಿದರೆ ಮೆಲ್ಲಗೆ ಮತ್ತೆ ಬಿಗಿಯಾಗುತ್ತದೆ. ಕಾರಣ ಒಳಗಿನ ಜಾಲ. ಗ್ರೀಸಿನಲ್ಲಿ ಬಹುಪಾಲು ಎಣ್ಣೆಯೇ. ಸ್ಪಂಜು ನೀರನ್ನು ಹಿಡಿದಂತೆ ಅದನ್ನು ಹಿಡಿದಿಡುವುದು ಆ ಜಾಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ರೀಸಿನಲ್ಲಿ ಅದು ಲಿಥಿಯಂ ಸಾಬೂನಿನದು. ಆ ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ಬರುವುದು ಹರಳೆಣ್ಣೆಯಿಂದಲೇ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಎತ್ತಿನಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ಅಜ್ಜಂದಿರಿಗೆ ಇದು ಆಶ್ಚರ್ಯ ಅನಿಸಲಿಕ್ಕಿಲ್ಲ.

ಮರದ ಒಣತೂಕದಲ್ಲಿ ಶೇ. 20ರಿಂದ 30ರಷ್ಟು ಲಿಗ್ನಿನ್. ನಾರುಗಳನ್ನು ಬೆಸೆಯುವ ಅಂಟು ಅದು. ಕಾಗದ ಮಾಡುವವರಿಗೆ ನಾರು ಮಾತ್ರ ಸಾಕು. ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸಿದಾಗ ಲಿಗ್ನಿನ್ ಕರಗಿ ಕಪ್ಪು ದ್ರಾವಣ ಉಳಿಯುತ್ತದೆ. ಸ್ಪೇನಿನ ಹುಯೆಲ್ವಾ ವಿಶ್ವವಿದ್ಯಾಲಯದ ಸಂಶೋಧಕರು ಈ ಲಿಗ್ನಿನ್ನನ್ನೇ ಹರಳೆಣ್ಣೆಯಲ್ಲಿ ಜಾಲವಾಗಿಸಿದ್ದಾರೆ.

ಸುಮ್ಮನೆ ಪುಡಿ ಕಲಸಿದರೆ ಆಗುವುದಿಲ್ಲ, ತಳಕ್ಕೆ ಕೂರುತ್ತದೆ. ಲಿಗ್ನಿನ್ನಿಗೆ ಮೊದಲು ಎಪಾಕ್ಸಿ ಅಥವಾ ಐಸೊಸಯನೇಟ್ ಕೊಂಡಿ ಜೋಡಿಸಬೇಕು. ಹರಳೆಣ್ಣೆಯಲ್ಲಿರುವ ರಿಸಿನೋಲಿಕ್ ಆಮ್ಲದ ಹೈಡ್ರಾಕ್ಸಿಲ್ ಗುಂಪು ಆ ಕೊಂಡಿಯನ್ನು ಹಿಡಿಯುತ್ತದೆ. ಕೊಂಡಿ ಹೆಚ್ಚಾದಷ್ಟೂ ಜಾಲ ದಟ್ಟ, ಜೆಲ್ ಬಿಗಿ. ಪ್ರತಿಕ್ರಿಯೆ ಅರ್ಧಕ್ಕೆ ಉಳಿದರೆ ಡಬ್ಬಿಯೊಳಗೇ ದಿನೇ ದಿನೇ ಗಟ್ಟಿಯಾಗುತ್ತದೆ. ಇವತ್ತು ಅಳೆದ ಅಂಕಿ ಮುಂದಿನ ತಿಂಗಳು ಸುಳ್ಳಾದರೆ ಯಾರು ಕೊಳ್ಳುತ್ತಾರೆ? ಇನ್ನೊಂದು ಮಾತು. ಆ ಕೊಂಡಿಗೆ ಬಳಸುವ ಎಪಿಕ್ಲೋರೊಹೈಡ್ರಿನ್, ಡೈಐಸೊಸಯನೇಟ್‌ಗಳು ವಿಷಕಾರಿ. "ನೂರಕ್ಕೆ ನೂರು ಸಸ್ಯಜನ್ಯ" ಅಂತ ಲೇಬಲ್ ಕಂಡರೆ ನಾನಂತೂ ಹುಬ್ಬೇರಿಸುತ್ತೇನೆ.

ಗಟ್ಟಿತನ ಅಳೆಯುವ ಪರೀಕ್ಷೆ ಸರಳ. 25 ಡಿಗ್ರಿಯಲ್ಲಿ, 60 ಸಲ ಕುಟ್ಟಿ ಕಲಸಿದ ಗ್ರೀಸಿನ ಮೇಲೆ 150 ಗ್ರಾಂ ತೂಕದ ಶಂಕುವನ್ನು 5 ಸೆಕೆಂಡು ಬಿಡುತ್ತಾರೆ. 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2ನೇ ದರ್ಜೆ, ಗ್ಯಾರೇಜುಗಳಲ್ಲಿ ಹೆಚ್ಚು ಓಡುವುದು ಅದೇ.

ಈಗ ಭದ್ರಾವತಿ. ಮರದಿಂದ ರಸಾಯನ ತೆಗೆಯುವುದು ಆ ಊರಿಗೆ ಹೊಸದಲ್ಲ. ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಮಾಡುವಾಗಲೇ ಅಲ್ಲಿ ಮರ ಬಟ್ಟಿ ಇಳಿಸಿ ಮೆಥನಾಲ್, ಟಾರು ತೆಗೆಯುತ್ತಿದ್ದರು. ಆದರೆ 1936ರಲ್ಲಿ ಸ್ಥಾಪನೆಯಾದ ಎಂಪಿಎಂ ನಿಂತು ಹತ್ತಿರ ಹತ್ತಿರ ಒಂದು ದಶಕ. ಕಾಗದ ಇಲ್ಲದೆ ಕಪ್ಪು ದ್ರಾವಣ ಇಲ್ಲ. ಓಡುವ ಗಿರಣಿಯಲ್ಲೂ ಅದು ಕಸವಲ್ಲ: ಬಾಯ್ಲರಿನಲ್ಲಿ ಉರಿಸಿ ಹಬೆ ಪಡೆಯುತ್ತಾರೆ, ಸೋಡಾ ವಾಪಸ್ ತೆಗೆಯುತ್ತಾರೆ. ಲಿಗ್ನಿನ್ ಎತ್ತಿಕೊಂಡರೆ ಬದಲಿಗೆ ಬೇರೆ ಇಂಧನ ಸುಡಬೇಕು. ಬಾಯ್ಲರಿಗೆ ಹೊರೆ ಹೆಚ್ಚಾಗಿರುವ ಗಿರಣಿಗೆ ಸ್ವಲ್ಪ ಭಾಗ ತೆಗೆಯುವುದು ಲಾಭ ಆಗಬಹುದು. ಹಾಗಾಗಿ ಪ್ರಯೋಗ ಮಾಡುವುದಿದ್ದರೆ ದಾಂಡೇಲಿಯಂಥ ಕಡೆ ಮಾಡಬೇಕು, ಬೀಗ ಬಿದ್ದ ಕಡೆ ಅಲ್ಲ.

ನನ್ನ ಆತಂಕ ಬೇರೆ. ಎಂಪಿಎಂ ನೆಡುತೋಪುಗಳಿಗೆ ಕೊಟ್ಟಿದ್ದ ಅರಣ್ಯಭೂಮಿಯ 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿದಾಗ ಸರ್ಕಾರ ಮತ್ತೆ ಮುಂದುವರಿಸಿತು. "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಎಂದು ಮಲೆನಾಡು ಎದ್ದಿತು. ನಾಳೆ "ಹಸಿರು ಗ್ರೀಸ್" ಹೆಸರಲ್ಲಿ ಅದೇ ಅಕೇಶಿಯಾಕ್ಕೆ ಹೊಸ ಸಮರ್ಥನೆ ಬಂದರೆ ಮೊದಲು ಲಿಗ್ನಿನ್ನಿನ ಲೆಕ್ಕ ಕೇಳಬೇಕು.

ಹಾಗಂತ ವಸ್ತು ಕೆಟ್ಟದ್ದಲ್ಲ. ಗರಗಸದ ಸರಪಳಿ, ಕಬ್ಬಿನ ಗಾಣ, ತೆರೆದ ಗೇರು – ಇಲ್ಲೆಲ್ಲ ಹಚ್ಚಿದ ಗ್ರೀಸು ಕೊನೆಗೆ ಮಣ್ಣಿಗೆ, ಹಳ್ಳಕ್ಕೆ ಹೋಗುತ್ತದೆ. ಖನಿಜ ತೈಲಕ್ಕಿಂತ ಸಸ್ಯದೆಣ್ಣೆ ಅಲ್ಲಿ ಬೇಗ ಕೊಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮೆಕ್ಯಾನಿಕ್ ಕೇಳಿದ್ದು ಒಂದೇ: "ಮಳೆಗಾಲದಲ್ಲಿ ನಿಲ್ಲತ್ತಾ?" ಅದಕ್ಕೂ ಪರೀಕ್ಷೆ ಇದೆ. ತಿರುಗುವ ಬೇರಿಂಗಿಗೆ ಒಂದು ಗಂಟೆ ನೀರು ಹೊಡೆದು ಎಷ್ಟು ಗ್ರೀಸು ಕೊಚ್ಚಿಹೋಯಿತು ಅಂತ ತೂಗುತ್ತಾರೆ. ಗದ್ದೆಯ ಕೆಸರಿಗೆ ಇಳಿಯುವ ಟ್ರ್ಯಾಕ್ಟರಿಗೆ ಹಚ್ಚುವ ಮುಂಚೆ ನಾನು ಕೇಳುವುದು ಆ ಅಂಕಿಯನ್ನೇ.